ಎಸ್‌ಟಿ ಪಟ್ಟಿ ಮತ್ತು 75 ವರ್ಷದ ಕಾಗದ

ಕೋಲಸಿರ್ಸಿ ಕಡೆಯ ನಮಗೆ ಮೀಸಲಾತಿ ಪಟ್ಟಿ ಅಂದರೆ ಬರೀ ನೌಕರಿ, ಕಾಲೇಜು ಸೀಟಿನ ಮಾತಲ್ಲ. ಅತಿಕ್ರಮಣ ಜಮೀನಿನ ಅರ್ಜಿಯೂ ಅದರ ಮೇಲೆಯೇ ನಿಂತಿದೆ.

2006ರ ಅರಣ್ಯ ಹಕ್ಕು ಕಾಯ್ದೆ ಓದಿ ನೋಡಿ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲೇ ಅಲ್ಲಿ ಸಾಗುವಳಿ ಇದ್ದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡನ್ನೇ ನಂಬಿ ಬದುಕಿದ್ದನ್ನು ತೋರಿಸಬೇಕು. 1930ರ ಕಾಗದ ಯಾರ ಮನೆಯ ಪೆಟ್ಟಿಗೆಯಲ್ಲಿದೆ?

ಹಾಗಾದರೆ ಪಟ್ಟಿಗೆ ಯಾರು ಸೇರುತ್ತಾರೆ? ಯಲ್ಲಾಪುರದ ಸಿದ್ದಿಗಳನ್ನೇ ನೋಡಿ. ಆಫ್ರಿಕಾದಿಂದ ಬಂದವರ ವಂಶ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಪರಿಶಿಷ್ಟ ಜಾತಿಗೆ ಧರ್ಮದ ಷರತ್ತುಂಟು, ಪಂಗಡಕ್ಕಿಲ್ಲ. ಹಾಗಾಗಿ 2003ರಲ್ಲಿ ಮೂರೂ ಧರ್ಮದ ಸಿದ್ದಿಗಳು ಒಟ್ಟಿಗೇ ಎಸ್‌ಟಿ ಆದರು. ಆದರೆ ಕಾನೂನಿನಲ್ಲಿ ಇದ್ದದ್ದು ‘ಉತ್ತರ ಕನ್ನಡ ಜಿಲ್ಲೆಯ ಸಿದ್ದಿ’ ಅಂತ. ಕಿರವತ್ತಿ ದಾಟಿದರೆ ಕಲಘಟಗಿ ತಾಲೂಕು, ಧಾರವಾಡ ಜಿಲ್ಲೆ. ಅಲ್ಲಿನ ಸಿದ್ದಿಗಳು, ಬೆಳಗಾವಿಯವರು, ಪಟ್ಟಿ ಸೇರಿದ್ದು 2020ರಲ್ಲಿ. ಅದೇ ಜನ, ನೆಂಟಸ್ತನವೂ ಅವರವರಲ್ಲೇ. 17 ವರ್ಷ ಕಾದರು!

ಇನ್ನೂ ಒಂದು ಕೇಳಿ. 2003ರ ಅದೇ ಕಾನೂನು ಗೋವಾದ ಕುಣಬಿಗಳನ್ನೂ ಎಸ್‌ಟಿ ಮಾಡಿತು. ಗಡಿಯ ಈಚೆ ಜೊಯಿಡಾದ ಕುಣಬಿಗಳು ಇವತ್ತಿಗೂ ಕೇಳುತ್ತಲೇ ಇದ್ದಾರೆ. ಕರಾವಳಿಯ ಹಾಲಕ್ಕಿಗಳೂ ಕೇಳುತ್ತಿದ್ದಾರೆ, ನಮ್ಮ ಕಾಡಿನ ಗೌಳಿಗಳೂ ಕೇಳುತ್ತಿದ್ದಾರೆ.

ಅಳತೆಗೋಲು 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ಬೇರೆಯದೇ ಸಂಸ್ಕೃತಿ, ದೂರದ ವಾಸ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಸಂಕೋಚವನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೋ ನಮಗಂತೂ ಗೊತ್ತಾಗಿಲ್ಲ. ಮಕ್ಕಳು ಶಾಲೆಗೆ ಹೋಗಿ, ಪೇಟೆಯಲ್ಲಿ ನಾಲ್ಕು ಮಾತಾಡಿದರೆ ಅರ್ಹತೆಯೇ ಕಮ್ಮಿಯಾದ ಹಾಗೆ ಕಾಣುತ್ತದೆ. ಕುಲಶಾಸ್ತ್ರೀಯ ಅಧ್ಯಯನ ಆಗಬೇಕು, ರಾಜ್ಯ ಶಿಫಾರಸು ಮಾಡಬೇಕು, ದಿಲ್ಲಿಯಲ್ಲಿ ರಿಜಿಸ್ಟ್ರಾರ್ ಜನರಲ್ ಮತ್ತು ಎಸ್‌ಟಿ ಆಯೋಗ ಒಪ್ಪಬೇಕು, ಕಡೆಗೆ ಸಂಸತ್ತಿನಲ್ಲಿ ಕಾನೂನಾಗಬೇಕು. ಒಂದು ಜಿಲ್ಲೆಯ ಹೆಸರು ಸೇರಿಸಲಿಕ್ಕೂ ಇಷ್ಟೇ ದಾರಿ. ಚುನಾವಣೆ ಬಂದಾಗ ‘ಸೇರಿಸಿಯೇ ಬಿಡ್ತೇವೆ’ ಅನ್ನುವವರಿಗೆ ಇದು ಗೊತ್ತಿಲ್ಲದ್ದೇನಲ್ಲ.

‘ಸಿದ್ದಿಗಳಿಗೆ ಮಾತ್ರ ಯಾಕೆ?’ ಅಂತ ನಮ್ಮಲ್ಲೇ ಕೆಲವರು ಕೇಳುತ್ತಾರೆ. ಆ ಮಾತು ನಮಗೆ ಸರಿ ಕಾಣುವುದಿಲ್ಲ. ಅವರಿಗೆ ಸಿಕ್ಕಿದ್ದು ಹೆಚ್ಚಲ್ಲ, ತಡವಾಗಿ ಸಿಕ್ಕಿದ್ದು. ತೊಡಕಿರುವುದು ಪಕ್ಕದ ಗದ್ದೆಯವನಿಗೆ ಕೇಳುವ 75 ವರ್ಷದಲ್ಲಿ.

ಪಟ್ಟಿ ಬದಲಾಗುವವರೆಗೆ ಅರ್ಜಿ ಸುಮ್ಮನೆ ಬಿದ್ದಿರಬೇಕಾಗಿಲ್ಲ. ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ಪುರಾವೆಯೇ ಅಂತ ನಿಯಮದಲ್ಲಿದೆ. ನಾವು ಕಂಡ ಹಾಗೆ ಎಲ್ಲರೂ ಕೇಳುವುದು ಸರ್ಕಾರಿ ಕಾಗದವನ್ನೇ. ಆದರೂ ನಾವು ಕೇರಿ ಕೇರಿ ತಿರುಗಿ ಎಂಬತ್ತು ದಾಟಿದ ಅಜ್ಜ-ಅಮ್ಮಮ್ಮಂದಿರ ಮಾತು ಬರೆದುಕೊಳ್ಳುತ್ತಿದ್ದೇವೆ. ಯಾರ ಅಪ್ಪ ಯಾವ ಹಕ್ಕಲಲ್ಲಿ ಗದ್ದೆ ಕಡಿದ, ಯಾವ ಮರದ ಬುಡದಲ್ಲಿ ಹಳೇ ಮನೆಯ ಪಂಚಾಂಗವಿದೆ, ಎಲ್ಲಾ ಹೇಳುತ್ತಾರೆ. ನಿಮ್ಮ ಕೇರಿಯಲ್ಲೂ ಅಂಥವರಿದ್ದರೆ ಈ ಮಳೆಗಾಲಕ್ಕೆ ಮೊದಲೇ ಬರೆಸಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಿ.