ಫಾರಿನ್‌ಗೆ ಹೊರಟಿರಾ? ಅಡಿಕೆ ಪೊಟ್ಟಣ ಮನೇಲಿಡಿ, ಕಾಗದ ಜೇಬಲ್ಲಿಡಿ!

ಪರದೆಯ ಮೇಲಿನ ಫಾರಿನ್ ಎಷ್ಟು ಸಲೀಸು ನೋಡಿ! ಹೊನ್ನಾಳಿಯಂಥ ಊರಿನಲ್ಲಿ ನಾಯಕ ನಾಯಕಿಯರ ಕಣ್ಣು ಕಲೆಯುತ್ತವೆ, ವಾದ್ಯ ಶುರುವಾಗುತ್ತದೆ, ಮುಂದಿನ ದೃಶ್ಯಕ್ಕೆ ಇಬ್ಬರೂ ಸಿಂಗಾಪುರದ ಬೀದಿಯಲ್ಲಿ! ಪಾಸ್‌ಪೋರ್ಟ್ ಕೇಳುವವರಿಲ್ಲ, ಪೆಟ್ಟಿಗೆ ಬಿಚ್ಚಿಸುವವರಿಲ್ಲ. ನಾಲ್ಕು ನಿಮಿಷದ ಹಾಡಿನಲ್ಲಿ ಆರು ಜೊತೆ ಬಟ್ಟೆ ಬದಲಾದರೂ ಲಗೇಜು ಮಾತ್ರ ಎಲ್ಲೂ ಕಾಣುವುದಿಲ್ಲ!

1978ರಲ್ಲಿ ವಿಷ್ಣುವರ್ಧನ್–ದ್ವಾರಕೀಶ್ ಜೋಡಿ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ಚಿತ್ರದಲ್ಲಿ ನಮ್ಮನ್ನು ಸಮುದ್ರದಾಚೆ ಕರೆದೊಯ್ದಿತು. ಅದೇ ವರ್ಷ ಅಣ್ಣಾವ್ರ ‘ಆಪರೇಷನ್ ಡೈಮಂಡ್ ರಾಕೆಟ್’ ನೇಪಾಳ ತೋರಿಸಿತು. 1986ರಲ್ಲಿ ಬಂತು ‘ಆಫ್ರಿಕಾದಲ್ಲಿ ಶೀಲಾ’. 2021ರ ಜನವರಿ 31ರಂದು ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಗೋಪುರದ ಮೇಲೆ ಕಿಚ್ಚ ಸುದೀಪ್ ಅವರ ‘ವಿಕ್ರಾಂತ್ ರೋಣ’ ಚಿತ್ರದ ಶೀರ್ಷಿಕೆ ಬೆಳಗಿತು. ಇಷ್ಟೆಲ್ಲ ನೋಡಿದ ಮೇಲೆ ‘ಒಂದು ಸಲ ನಾವೂ ಹೋಗಿ ಬರೋಣ ಗುರು’ ಅನ್ನಿಸದಿದ್ದರೆ ಅವನು ಅಭಿಮಾನಿಯೇ ಅಲ್ಲ!

ಹೋಗಿ, ಖಂಡಿತಾ ಹೋಗಿ. ‘ನಮಗೆ ಇಂಗ್ಲಿಷ್ ಬರೋಲ್ಲ, ನಾವು ಜಗಳೂರಿನವರು’ ಅಂತ ಹಿಂಜರಿಯಬೇಡಿ. ಇಂಗ್ಲಿಷಿಗಿಂತ ಮುಖ್ಯವಾದ ಮೂರು ಸಂಗತಿಗಳಿವೆ. ಕೈಯಲ್ಲಿ ಸರಿಯಾದ ಕಾಗದ, ಚೀಲದಲ್ಲಿ ಏನಿದೆ ಎಂಬ ಅರಿವು, ಇನ್ನೊಬ್ಬರ ಊರಿನಲ್ಲಿದ್ದೇನೆ ಎಂಬ ನೆನಪು. ಇವು ಮೂರಿದ್ದರೆ ಚಿತ್ರ ಶತದಿನ. ಒಂದು ತಪ್ಪಿದರೂ ಮೊದಲ ಆಟಕ್ಕೇ ಡಬ್ಬಾ!

ನಮ್ಮ ತಾಲ್ಲೂಕಿನ ಜಗತ್ ಸಂಚಾರಿಗಳು

ಇಂಗ್ಲಿಷ್ ಬೇಡವೇ ಬೇಡ ಎನ್ನುವುದಕ್ಕೆ ಸಾಕ್ಷಿ ಬೇಕೆ? ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳುಗಳ ಹಕ್ಕಿಪಿಕ್ಕಿ ಜನರನ್ನು ನೋಡಿ. ಇವರದು ಹಿಂದೆ ಹಕ್ಕಿ ಹಿಡಿಯುವ ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿತು. ಗಿಡಮೂಲಿಕೆ, ತಲೆಗೂದಲ ಎಣ್ಣೆ, ಮಣಿಸರದ ವ್ಯಾಪಾರಕ್ಕೆ ಇಳಿದರು. ಊರೂರು ಸುತ್ತಿದವರು ಕೊನೆಗೆ ದೇಶ ದೇಶ ಸುತ್ತಿದರು, ಆಫ್ರಿಕಾ ಖಂಡಕ್ಕೂ ಹೋದರು. ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ, ಹೊರಗೆ ಹೋದಲ್ಲಿ ಅಲ್ಲಿನ ನಾಲ್ಕು ಮಾತು! ನಾವು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಪ್ಲಾಟ್‌ಫಾರಂ ಹುಡುಕಿ ಸುಸ್ತಾಗುವಾಗ ಇವರು ಖಂಡಾಂತರ ದಾಟಿ ಬಂದವರು. ಇವರ ಕಥೆಯಲ್ಲಿ ಒಂದು ಭಯಂಕರ ತಿರುವೂ ಇದೆ. ಅದಕ್ಕೆ ಆಮೇಲೆ ಬರೋಣ.

ಹೆಸರೇ ವಿಲನ್ ಆದಾಗ

ಮೊದಲು ಪಾಸ್‌ಪೋರ್ಟ್. ಅದಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ. ದಾವಣಗೆರೆಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಅರ್ಜಿ, ಶುಲ್ಕ, ದಿನ ಗೊತ್ತುಮಾಡಿಕೊಳ್ಳುವುದು ಎಲ್ಲ ಮೊಬೈಲಿನಲ್ಲೇ ಮುಗಿಯುತ್ತದೆ. ವಯಸ್ಕರಿಗೆ 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ, ಬಾಳಿಕೆ 10 ವರ್ಷ. ಆಮೇಲೆ ನಿಮ್ಮ ಠಾಣೆಯಿಂದ ಪೊಲೀಸ್ ವಿಚಾರಣೆ. ಹೆದರಬೇಡಿ, ನಿಮ್ಮ ಪೌರತ್ವ ಸರಿಯಿದೆಯೇ, ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯೇ ಅಂತ ನೋಡುತ್ತಾರೆ.

ನಮ್ಮ ಕಡೆಯ ನಿಜವಾದ ತೊಡಕು ಹೆಸರಿನದು ಸ್ವಾಮಿ! ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಎರಡು ಇನಿಷಿಯಲ್ಲು. ಒಂದು ಊರಿನದು, ಇನ್ನೊಂದು ಅಪ್ಪನದು. ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ಲೇ ಮಾಯ. ಪಾಸ್‌ಪೋರ್ಟಿನಲ್ಲೋ ಇನಿಷಿಯಲ್ಲು ನಡೆಯುವುದಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಬರೀ ಒಂಟಿ ಹೆಸರು ಹಾಕಿಸಿಕೊಂಡರೆ ಇನ್ನೊಂದು ಪೇಚು. ಹೆಸರಿನ ಎರಡು ಕಲಂಗಳಲ್ಲಿ ಒಂದು ಖಾಲಿಯಿರುವ ಪಾಸ್‌ಪೋರ್ಟ್ ಹಿಡಿದು ಪ್ರವಾಸಿಯಾಗಿ ಬರುವವರನ್ನು ಒಳಗೆ ಬಿಡುವುದಿಲ್ಲ ಅಂತ ದುಬೈ ಇರುವ ಯು.ಎ.ಇ. ದೇಶ 2022ರ ನವೆಂಬರಿನಲ್ಲೇ ಕಟ್ಟುನಿಟ್ಟು ಮಾಡಿತು. ಆದ್ದರಿಂದ ಎರಡು ಕಲಮನ್ನೂ ತುಂಬಿಸಿ. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಹೆಸರು, ಒಂದೇ ಅಕ್ಷರ, ಒಂದೇ ಹುಟ್ಟಿದ ತಾರೀಖು ಇರಲಿ. ದ್ವಿಪಾತ್ರ ಪರದೆಯ ಮೇಲೆ ಚಂದ, ಪಾಸ್‌ಪೋರ್ಟಿನಲ್ಲಿ ಅಲ್ಲ!

ಇನ್ನೊಂದು ಮಾತು. ಪಾಸ್‌ಪೋರ್ಟಿನ ಅವಧಿ ಇನ್ನೂ 6 ತಿಂಗಳಾದರೂ ಉಳಿದಿರಬೇಕು ಅಂತ ಬಹಳ ದೇಶಗಳು ಕೇಳುತ್ತವೆ. ವೀಸಾ ನಿಯಮವಂತೂ ಹವಾಮಾನದ ಹಾಗೆ. ಹೋದ ವರ್ಷ ಪಕ್ಕದ ಮನೆಯವನು ವೀಸಾ ಇಲ್ಲದೆ ಹೋಗಿ ಬಂದ ಅಂತ ಈ ವರ್ಷ ನೀವು ಟಿಕೆಟ್ ಕೊಂಡುಬಿಡಬೇಡಿ. ಆ ದೇಶದ ರಾಯಭಾರ ಕಚೇರಿ ಏನು ಹೇಳುತ್ತದೆ ನೋಡಿ, ಆಮೇಲೆ ಕಾಸು ಬಿಚ್ಚಿ.

ಗಸಗಸೆ ಗಲಾಟೆ

ಈಗ ಚೀಲಕ್ಕೆ ಬರೋಣ. ಚನ್ನಗಿರಿ ಅಂದರೆ ಅಡಿಕೆ. ಹುಡುಗರ ಜೇಬಿನಲ್ಲಿ ಪೊಟ್ಟಣ, ಕೆಲವರ ಕೆನ್ನೆಯೊಳಗೆ ಗುಟ್ಕಾ. ಊರಲ್ಲಿ ನಡೆದೀತು. ಸಿಂಗಾಪುರದಲ್ಲಿ ಜಗಿಯುವ ತಂಬಾಕು ಒಯ್ಯುವುದೇ ಅಪರಾಧ. ಚೂಯಿಂಗ್ ಗಮ್ ತರುವುದನ್ನೂ ಅಲ್ಲಿ 1992ರಲ್ಲೇ ನಿಷೇಧಿಸಿದ್ದಾರೆ! ಇ-ಸಿಗರೇಟು ಸಿಂಗಾಪುರದಲ್ಲೂ ಇಲ್ಲ, ಥಾಯ್ಲೆಂಡಿನಲ್ಲೂ ಇಲ್ಲ. ಸಾಮಾನ್ಯ ಸಿಗರೇಟು ಒಂದು ಪ್ಯಾಕ್ ಇದ್ದರೂ ಸಿಂಗಾಪುರದ ಸುಂಕದವರಿಗೆ ಹೇಳಿ ತೆರಿಗೆ ಕಟ್ಟಬೇಕು. ರಸ್ತೆಯಲ್ಲಿ ಪಿಚಕ್ ಅಂತ ಉಗಿದಿರೋ, ದಂಡ ಕಟ್ಟಲು ಹೋಗುವ ಕಾಸಿನಲ್ಲಿ ಊರಿನ ಅರ್ಧ ಹುಡುಗರಿಗೆ ಸಿನಿಮಾ ತೋರಿಸಬಹುದಿತ್ತು!

ಅಡಿಕೆಗಿಂತ ಅಪಾಯದ ಪದಾರ್ಥ ಅಮ್ಮನ ಅಡುಗೆಮನೆಯಲ್ಲಿದೆ. ಗಸಗಸೆ! ‘ದುಬೈನಲ್ಲಿರೋ ಮಾವನಿಗೆ ಪಾಯಸಕ್ಕೆ ಆಗುತ್ತೆ’ ಅಂತ ಅಮ್ಮ ಪ್ರೀತಿಯಿಂದ ಕಟ್ಟಿಕೊಡುತ್ತಾರೆ. ಗಸಗಸೆ ಬರುವುದು ಅಫೀಮಿನ ಗಿಡದಿಂದ. ಯು.ಎ.ಇ.ಯಲ್ಲೂ ಸಿಂಗಾಪುರದಲ್ಲೂ ಅದು ನಿಷಿದ್ಧ, ಮಾದಕವಸ್ತುವಿನ ಪಟ್ಟಿಗೆ ಸೇರಿದ್ದು. ಪಾಯಸಕ್ಕೆ ತಂದದ್ದು ಅಂತ ಅಲ್ಲಿನ ಅಧಿಕಾರಿಗೆ ಹೇಗೆ ತಿಳಿಯಬೇಕು? ಗಾಂಜಾದ ಮಾತಂತೂ ಬೇಡವೇ ಬೇಡ. ಸಿಂಗಾಪುರದಲ್ಲಿ ಅದರ ಸಾಗಣೆಗೆ ಮರಣದಂಡನೆಯೂ ಆಗುತ್ತದೆ.

ಆದ್ದರಿಂದ ಒಂದು ಕಟ್ಟಪ್ಪಣೆ. ನಿಮ್ಮ ಪೆಟ್ಟಿಗೆಯನ್ನು ನೀವೇ ತುಂಬಿ. ‘ನಮ್ಮ ಹುಡುಗನಿಗೆ ಈ ಪೊಟ್ಟಣ ತಲುಪಿಸಿಬಿಡಪ್ಪಾ’ ಅಂತ ಯಾರೇ ಕೊಟ್ಟರೂ ಬಿಚ್ಚಿ ನೋಡದೆ ತಗೋಬೇಡಿ. ಸಂಕೋಚ ಬೇಡ. ‘ಏರ್‌ಪೋರ್ಟಲ್ಲಿ ಕೇಳ್ತಾರೆ ಚಿಕ್ಕಪ್ಪಾ, ಏನಿದೆ ಹೇಳಿ’ ಅನ್ನಿ. ಕೊಟ್ಟವರು ಊರಲ್ಲಿರುತ್ತಾರೆ, ಸಿಕ್ಕಿಬೀಳುವವರು ನೀವು.

ಥಿಯೇಟರಿನಲ್ಲಿ ಎದ್ದು ನಿಲ್ಲಿ

ನಮ್ಮ ಅಭಿಮಾನಿಗಳು ಬ್ಯಾಂಕಾಕಿಗೆ ಹೋದರೂ ಸಿನಿಮಾ ಮಂದಿರ ಹುಡುಕದೆ ಬಿಡುತ್ತಾರೆಯೇ? ಅಲ್ಲಿ ಚಿತ್ರ ಶುರುವಾಗುವ ಮುಂಚೆ ರಾಜಗೀತೆ ಬರುತ್ತದೆ, ಎದ್ದು ನಿಲ್ಲುವುದು ರೂಢಿ. ನೀವೂ ನಿಂತುಬಿಡಿ. ಥಾಯ್ಲೆಂಡಿನಲ್ಲಿ ರಾಜನನ್ನು ಹೀಯಾಳಿಸುವುದು ಜೈಲಿಗೆ ದಾರಿ. ನೋಟಿನ ಮೇಲೂ ರಾಜನ ಚಿತ್ರವಿದೆ, ಬಿದ್ದ ನೋಟನ್ನು ಕಾಲಲ್ಲಿ ಒತ್ತಿ ಹಿಡಿಯಬೇಡಿ. ಪ್ರೀತಿಗಾದರೂ ಯಾರ ತಲೆಯನ್ನೂ ಮುಟ್ಟಬೇಡಿ, ಬುದ್ಧನ ಮೂರ್ತಿಯ ಕಡೆ ಕಾಲು ಚಾಚಬೇಡಿ. ಚಡ್ಡಿ–ಬನಿಯನ್ನಿನಲ್ಲಿ ದೇವಾಲಯಕ್ಕೆ ನುಗ್ಗಬೇಡಿ. ಭುಜ, ಮೊಣಕಾಲು ಮುಚ್ಚಿರಬೇಕು.

ದುಬೈನಲ್ಲಿ ಮೊಬೈಲ್ ಎತ್ತುವ ಮುಂಚೆ ಯೋಚಿಸಿ. ಗುರುತಿಲ್ಲದವರ, ಅದರಲ್ಲೂ ಹೆಂಗಸರ ಫೋಟೋ ಕೇಳದೆ ತೆಗೆದರೆ ಕೇಸು. ವಾಟ್ಸಾಪಿನಲ್ಲಿ ಬೈದರೂ ಕೇಸು! ನಮ್ಮಲ್ಲಿ ಎರಡು ಹೀರೋಗಳ ಅಭಿಮಾನಿಗಳು ಪರಸ್ಪರ ಬೈದಾಡುವ ಪದಗಳಿವೆಯಲ್ಲ, ಅವನ್ನೆಲ್ಲ ವಿಮಾನ ಹತ್ತುವ ಮುಂಚೆ ಅಳಿಸಿ ಹಾಕಿ.

ಕೈಯಲ್ಲಿ ಕಾಸು ಕಡಿಮೆಯೇ? ನೇಪಾಳಕ್ಕೆ ಹೋಗಿ. ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಾದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಬೇಕು, ಆಧಾರ್ ನಂಬಿಕೊಂಡು ಹೋಗಬೇಡಿ. ನಮ್ಮ 1 ರೂಪಾಯಿಗೆ ಅಲ್ಲಿನ 1 ರೂಪಾಯಿ 60 ಪೈಸೆ, ಈ ದರ 1993ರಿಂದ ಬದಲಾಗಿಲ್ಲ. ಗಡಿಯಾರವನ್ನು 15 ನಿಮಿಷ ಮುಂದಿಡಿ. ಪಶುಪತಿನಾಥನ ದರ್ಶನಕ್ಕೆ ಹೋಗುವಾಗ ಚರ್ಮದ ಬೆಲ್ಟು ಬಿಚ್ಚಿಡಬೇಕು, ಒಳಗೆ ಫೋಟೋ ತೆಗೆಯುವಂತಿಲ್ಲ. ಮತ್ತೆ ಒಂದು ಸಂತೋಷದ ಸಂಗತಿ. ಅಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರು! ಕಠ್ಮಂಡುವಿನಲ್ಲಿ ಕನ್ನಡ ಕೇಳಿಬಂದರೆ ಬೆಚ್ಚಬೇಡಿ.

ನಮ್ಮೂರಿಗೆ ಬಂದವರು ಹೇಗಿರಬೇಕು?

ಇಷ್ಟೊಂದು ನಿಯಮ ಯಾರು ನೆನಪಿಡುತ್ತಾರೆ ಅಂತೀರಾ? ಸುಲಭ ದಾರಿಯಿದೆ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಒಂದು ಸಲ ಹೋಗಿ ಬನ್ನಿ. ಹೊಂಡದ ನಡುವೆ ವಸಂತಮಂಟಪ, ದಂಡೆಯಲ್ಲಿ ಹಳೆಯ ಮುಸಾಫಿರ್‌ಖಾನೆ. ಅಂದರೆ ದಾರಿಹೋಕರು ತಂಗುವ ಮನೆ! ದೂರದಿಂದ ಬಂದವರಿಗೆ ತಲೆಮೇಲೊಂದು ಸೂರು ಕೊಟ್ಟ ನೆಲ ಇದು. ಆ ಕಲ್ಲಿನ ಮೇಲೆ ಯಾರೋ ಬಂದು ತನ್ನ ಹೆಸರನ್ನೂ ಪ್ರೇಯಸಿಯ ಹೆಸರನ್ನೂ ಕೆತ್ತಿದರೆ ನಿಮಗೆ ಹೊಟ್ಟೆ ಉರಿಯುವುದಿಲ್ಲವೇ?

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯಲ್ಲಿ ಸಂತ ಸೇವಾಲಾಲ್ ಜಯಂತಿಗೆ ಹೊರರಾಜ್ಯಗಳಿಂದಲೂ ಬಂಜಾರ ಭಕ್ತರು ಬರುತ್ತಾರೆ. ಕನ್ನಡ ಬಾರದವರೂ ಅವರಲ್ಲಿರುತ್ತಾರೆ. ಆದರೂ ಕೈಮುಗಿದು ದಾರಿ ಕೇಳಿದರೆ ನಾವು ಬಸ್ ಹತ್ತಿಸಿಯೇ ಬರುತ್ತೇವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ. ಕೇಕೆ ಹಾಕಿದವನಿಗೆ ಅದು ಕಾಣುವುದಿಲ್ಲ, ತೆಪ್ಪಗೆ ಕೂತವನಿಗೆ ಕಂಡರೂ ಕಂಡೀತು. ಆಫ್ರಿಕಾದ ಸಫಾರಿಯಲ್ಲೂ ನಿಯಮ ಇದೇ. ಸದ್ದು ಮಾಡಬೇಡಿ, ಗಾಡಿಯಿಂದ ಇಳಿಯಬೇಡಿ. ಅಲ್ಲಿ ಎದುರಿಗಿರುವುದು ಕೊಂಡುಕುರಿಯಲ್ಲ, ಸಿಂಹ! ನಮ್ಮೂರಿಗೆ ಬಂದವರು ಹೇಗಿದ್ದರೆ ನಮಗೆ ಇಷ್ಟವೋ, ಅವರೂರಿನಲ್ಲಿ ನಾವು ಹಾಗಿರಬೇಕು. ಅಷ್ಟೇ.

ಖಳನಾಯಕನ ಪ್ರವೇಶ

ಇನ್ನು ನಿಜವಾದ ವಿಲನ್. ‘ತಿಂಗಳಿಗೆ ಲಕ್ಷ ಸಂಬಳ, ಕಂಪ್ಯೂಟರ್ ಕೆಲಸ, ಟೂರಿಸ್ಟ್ ವೀಸಾದಲ್ಲೇ ಹೋಗು, ಅಲ್ಲಿ ನೋಡ್ಕೊಳ್ಳೋಣ’ ಅಂತ ಫೋನಿನಲ್ಲಿ ಜೇನು ಸುರಿಸುವ ಏಜೆಂಟು! ಥಾಯ್ಲೆಂಡಿನ ಹೆಸರು ಹೇಳಿ ಮ್ಯಾನ್ಮಾರಿನ ಗಡಿಗೆ ಹುಡುಗರನ್ನು ಸಾಗಿಸಿ, ಬಂಧನದಲ್ಲಿಟ್ಟು, ಆನ್‌ಲೈನ್ ಮೋಸದ ಕೆಲಸ ಮಾಡಿಸುತ್ತಾರೆ ಅಂತ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚಿನಲ್ಲಿ ಅಂಥ ಜಾಗಗಳಿಂದ ಬಿಡಿಸಿದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳು ಎರಡು ಸಲಕ್ಕೆ ಹೊತ್ತು ತಂದವು. ಓದಿದ ಹುಡುಗರು ಮಿತ್ರರೇ, ನಮ್ಮ ನಿಮ್ಮಂಥವರು!

ಟೂರಿಸ್ಟ್ ವೀಸಾ ನೋಡಿ ಬರಲಿಕ್ಕೆ. ದುಡಿಯಲಿಕ್ಕೂ ಅಲ್ಲ, ವ್ಯಾಪಾರಕ್ಕೂ ಅಲ್ಲ. ದುಡಿಯಲು ಹೋಗುವವರು ಏಜೆಂಟಿನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ. ನೋಂದಾಯಿತ ಏಜೆಂಟು ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಜಿ.ಎಸ್.ಟಿ., ಅದಕ್ಕಿಂತ ಹೆಚ್ಚಿಲ್ಲ. ತೋಟ ಅಡವಿಟ್ಟು ಲಕ್ಷಗಟ್ಟಲೆ ಎಣಿಸಿಕೊಡುವ ಮುಂಚೆ ಈ ಅಂಕಿಯನ್ನು ನೆನಪಿಸಿಕೊಳ್ಳಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇ.ಸಿ.ಆರ್. ಎಂಬ ಗುರುತು ಇರುತ್ತದೆ. ಅವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಅದು ಅಡ್ಡಗಾಲಲ್ಲ, ಕಾವಲು.

ಸುಡಾನಿನ ಕ್ಲೈಮ್ಯಾಕ್ಸ್

ಈಗ ಹಕ್ಕಿಪಿಕ್ಕಿ ಜನರ ಆ ತಿರುವು. 2023ರ ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಸಿಡಿಯಿತು. ಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ 31 ಹಕ್ಕಿಪಿಕ್ಕಿ ಮಂದಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಮೊದಲ ಸುದ್ದಿ ಬಂತು. ಅವರಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಅವರಿದ್ದದ್ದು ಪಶ್ಚಿಮದ ಅಲ್ ಫಶೇರ್ ಊರಿನಲ್ಲಿ. ಹಡಗು ಸಿಗುವ ಪೋರ್ಟ್ ಸುಡಾನ್ ಇರುವುದು ಪೂರ್ವದ ಕೆಂಪು ಸಮುದ್ರದ ದಂಡೆಯಲ್ಲಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಗುಂಡಿನ ಸದ್ದು. ಇಲ್ಲಿ ಊರಲ್ಲಿ ಫೋನ್ ಹಿಡಿದು ಕೂತ ತಾಯಂದಿರು.

ಏಪ್ರಿಲ್ 24ಕ್ಕೆ ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಆರಂಭಿಸಿತು. ನೌಕಾಪಡೆಯ ಹಡಗುಗಳಲ್ಲಿ, ವಾಯುಪಡೆಯ ವಿಮಾನಗಳಲ್ಲಿ ಜೆಡ್ಡಾ ಮುಂತಾದ ಕಡೆಗೆ, ಅಲ್ಲಿಂದ ಭಾರತಕ್ಕೆ. ಮೇ 5ರ ಹೊತ್ತಿಗೆ ಒಟ್ಟು 3,862 ಜನ ಪಾರಾದರು. ನಮ್ಮ ನಾಡಿನ ಹೆಸರಿನ ನದಿ ನಮ್ಮವರನ್ನು ದಡ ಮುಟ್ಟಿಸಿತು!

ಇದರಲ್ಲಿ ನಮಗಿರುವ ಪಾಠ ಇಷ್ಟು. ವಿದೇಶದಲ್ಲಿ ಕಾಲಿಟ್ಟ ಕೂಡಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಹೆಚ್ಚು ದಿನ ಇರುವುದಾದರೆ ಹೆಸರು ನೋಂದಾಯಿಸಿ. ನೀವು ಎಲ್ಲಿದ್ದೀರಿ ಅಂತ ಸರ್ಕಾರಕ್ಕೆ ತಿಳಿದರೆ ತಾನೇ ಹುಡುಕುವುದು? ಯಾವ ದೇಶ ಅಷ್ಟೇ ಅಲ್ಲ, ಯಾವ ಊರು, ಯಾವ ಬೀದಿ ಅಂತ ಮನೆಯವರಿಗೆ ಗೊತ್ತಿರಲಿ. ಪಾಸ್‌ಪೋರ್ಟ್, ವೀಸಾಗಳ ಒಂದು ಪ್ರತಿ ಮನೆಯ ಬೀರುವಿನಲ್ಲಿ, ಒಂದು ಮೊಬೈಲಿನಲ್ಲಿ ಇರಲಿ. ಮೂಲ ಪುಸ್ತಕವನ್ನು ಮಾತ್ರ ಮಾಲೀಕನ ಕೈಗಾಗಲೀ ಏಜೆಂಟಿನ ಕೈಗಾಗಲೀ ಒಪ್ಪಿಸಿ ಕೂರಬೇಡಿ.

ಹೊನ್ನಾಳಿಯಿಂದಲೋ ಜಗಳೂರಿನಿಂದಲೋ ಬಸ್ ಹತ್ತುವಾಗ ಅಮ್ಮ ‘ತಲುಪಿದ ತಕ್ಷಣ ಫೋನ್ ಮಾಡಪ್ಪಾ’ ಅಂತಾರಲ್ಲ, ಮಾಡಿ. ಸಾವಿರ ನಿಯಮಗಳಿಗಿಂತ ದೊಡ್ಡ ನಿಯಮ ಅದು. ಹೋಗಿಬನ್ನಿ, ಸುಖವಾಗಿ ಬನ್ನಿ. ಬಂದ ಮೇಲೆ ಹೊಸ ಚಿತ್ರದ ಮೊದಲ ಆಟ ನಿಮಗಾಗಿ ಕಾದಿರುತ್ತದೆ!