ಹೊಸ್ತಿಲಲ್ಲಿ ನಿಂತ ಸಂತ ಜೋಸೆಫರು

ಕ್ರಿಸ್ತಜಯಂತಿಯ ಗೋದಲಿಯನ್ನು ನೋಡಬೇಕಾದರೆ ಚಿಕ್ಕ ಮಕ್ಕಳಿರುವ ಮನೆಗೆ ಹೋಗಬೇಕು. ದೇವಾಲಯದ ಗೋದಲಿ ಅಚ್ಚುಕಟ್ಟಾಗಿರುತ್ತದೆ. ಯುವಕರು ಮೂರು ರಾತ್ರಿ ನಿದ್ದೆಗೆಟ್ಟು ಕಾಗದದ ಬೆಟ್ಟಗಳನ್ನು ಎಬ್ಬಿಸಿ, ಮೋಟಾರಿಟ್ಟು ಝರಿ ಹರಿಸಿ, ಬಣ್ಣದ ದೀಪ ಸುತ್ತಿ, ಕೊನೆಗೆ ಸುತ್ತಲೂ ಹಗ್ಗ ಕಟ್ಟಿ ‘ಮುಟ್ಟಬಾರದು’ ಎಂದು ಬರೆದಿಡುತ್ತಾರೆ. ಮನೆಯ ಗೋದಲಿಗೆ ಅಂಥ ಹಗ್ಗವಿಲ್ಲ. ಮೊನ್ನೆ ಪೂರ್ವ ದಿಕ್ಕಿನಲ್ಲಿದ್ದ ಮೂವರು ಜ್ಞಾನಿಗಳು ಇಂದು ಹಾಸಿಗೆಯ ಕೆಳಗಿರುತ್ತಾರೆ. ಕುರಿಯೊಂದರ ಕಾಲು ಮುರಿದಿರುತ್ತದೆ. ಪ್ಲಾಸ್ಟಿಕ್ಕಿನ ಬಸ್ಸೊಂದು ಬೆತ್ಲೆಹೇಮಿಗೆ ಬಂದು ನಿಂತಿರುತ್ತದೆ. ತಾಯಿಯಾದವಳು ದಿನಕ್ಕೆ ನಾಲ್ಕು ಬಾರಿ ಎಲ್ಲರನ್ನೂ ಸ್ವಸ್ಥಾನಕ್ಕೆ ಸೇರಿಸುತ್ತಾಳೆ. ಆಕೆ ಒಲೆಯ ಕಡೆ ತಿರುಗಿದೊಡನೆ ಪವಿತ್ರ ಕುಟುಂಬ ಮತ್ತೆ ಪ್ರಯಾಣ ಹೊರಡುತ್ತದೆ.

ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಏರ್ಪಡಿಸಿದ ಗೋದಲಿಯೇನೂ ಶಿಸ್ತಿನದಾಗಿರಲಿಲ್ಲ. ಅಲ್ಲಿ ಗೊಂಬೆಗಳಿರಲಿಲ್ಲ. ಗುಹೆಯೊಂದರಲ್ಲಿ ಮೇವಿನ ತೊಟ್ಟಿ, ಹುಲ್ಲು, ಜೀವಂತ ಎತ್ತು, ಜೀವಂತ ಕತ್ತೆ; ಪಂಜು ಹಿಡಿದು ಬಂದ ಹಳ್ಳಿಗರು; ಆ ತೊಟ್ಟಿಯ ಬಳಿಯೇ ಬಲಿಪೂಜೆ. ಲೂಕನ ಶುಭಸಂದೇಶದಲ್ಲಿ ಎತ್ತು ಕತ್ತೆಗಳ ಮಾತೇ ಇಲ್ಲವೆಂಬುದನ್ನು ಗಮನಿಸಿದ್ದೀರಾ? ಅವು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ ಗೋದಲಿಗೆ ನಡೆದುಬಂದವು. ಆ ರಾತ್ರಿಯ ಹುಲ್ಲನ್ನು ಜನ ಜೋಪಾನವಾಗಿಟ್ಟು, ಕಾಯಿಲೆ ಬಿದ್ದ ದನಗಳಿಗೆ ತಿನ್ನಿಸಿದರೆಂದು ಫ್ರಾನ್ಸಿಸರ ಚರಿತ್ರೆಯನ್ನು ಮೊದಲು ಬರೆದ ಚೆಲಾನೋದ ಥಾಮಸರು ಹೇಳುತ್ತಾರೆ. ಗೋದಲಿಯ ಮೇವನ್ನು ಮೇಯುವ ಹಕ್ಕು ಪ್ರಾಣಿಗಳಿಗೆ ಅಂದಿನಿಂದಲೇ ಇದೆ ಎಂದಾಯಿತು. ಈ ಮಾತನ್ನು ಏಕೆ ಎತ್ತಿದೆನೆಂದರೆ, ನಾನು ಹೇಳಹೊರಟಿರುವ ಮನೆಯಲ್ಲಿ ಒಂದು ಮೇಕೆ ಇತ್ತು.

ಆ ಮನೆ ಇರುವುದು ರಾಯಚೂರು ಜಿಲ್ಲೆಯ ವಳಕಮದಿನ್ನಿಯಲ್ಲಿ. ದಿನ್ನಿ ಎಂದರೆ ದಿಬ್ಬ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಈ ಹೆಸರಿನ ಹಳ್ಳಿಗಳು ಹಲವಾರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವಲ್ಲಿ ಭತ್ತ, ಹರಿಯದಲ್ಲಿ ಜೋಳ, ಸಜ್ಜೆ, ತೊಗರಿ. ಡಿಸೆಂಬರ್ ಹೊತ್ತಿಗೆ ಹೊಸ ಭತ್ತದ ಹುಲ್ಲು ಬಣವೆ ಸೇರಿರುವುದರಿಂದ ಗೋದಲಿಗೆ ಹುಲ್ಲಿನ ಬರವಿಲ್ಲ. ಮನೆಯ ಅಜ್ಜಿಯ ತವರು ಮುದಗಲ್. ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದಲೂ ಕ್ರೈಸ್ತರಿದ್ದ ಊರಿನವಳೆಂಬ ಹೆಮ್ಮೆ ಆಕೆಗಿತ್ತು. ಹಬ್ಬದ ವಿಷಯದಲ್ಲಿ ಆಕೆಯದೇ ಕೊನೆಯ ಮಾತು. ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದ. ಸೊಸೆ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಮಕ್ಕಳು ಮೂವರು: ಎಂಟರ ಹುಡುಗಿ, ಐದರ ಹುಡುಗ, ಇನ್ನೂ ಮಾತು ತೊದಲುತ್ತಿದ್ದ ಕಿರಿಯವನು.

ವರ್ಷ 2000, ಮಹಾ ಜುಬಿಲಿಯ ವರ್ಷ. ನನಗೆ ಗುರುದೀಕ್ಷೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಆ ಸಲ ಪಂಚಾಂಗ ಒಂದು ವಿನೋದ ಮಾಡಿತ್ತು. ಡಿಸೆಂಬರ್ 25, ಸೋಮವಾರ, ಕ್ರಿಸ್ತಜಯಂತಿ. ಅಂದೇ ಎಳ್ಳ ಅಮಾವಾಸ್ಯೆ. ನಮ್ಮ ಉತ್ತರ ಕರ್ನಾಟಕದ ರೈತರಿಗೆ ಅದೆಂಥ ದಿನವೆಂದು ಹೇಳಬೇಕಿಲ್ಲ. ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಭೂಮಿತಾಯಿಗೆ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬುಗಳನ್ನು ಹಂಚಿಕೊಂಡು ಉಣ್ಣುತ್ತಾರೆ. ದಾರಿಹೋಕನನ್ನು ಉಣ್ಣಿಸದೆ ಕಳಿಸುವಂತಿಲ್ಲ. ಈ ನಿಯಮ ಮುಂದೆ ನಮ್ಮ ಕಥೆಯಲ್ಲಿ ಅಡ್ಡ ಬರುತ್ತದೆ, ನೆನಪಿರಲಿ.

ಹಬ್ಬಕ್ಕೆ ಹತ್ತು ದಿನ ಮುಂಚೆ ಮಕ್ಕಳು ಒಡೆದ ಗಡಿಗೆಯ ತಳದಲ್ಲಿ ಎರೆಮಣ್ಣು ತುಂಬಿ ಕಾಳು ಬಿತ್ತಿದ್ದರು. ಗೋದಲಿಯ ಮುಂದೆ ಹಸಿರು ಬೇಕಲ್ಲವೇ? ಮೊಳಕೆ ಗೇಣುದ್ದ ಬಂದಿತ್ತು. 22ರ ಮಧ್ಯಾಹ್ನ, ಅಜ್ಜಿ ಬಾವಿಯಿಂದ ನೀರು ತರುವಷ್ಟರಲ್ಲಿ, ಮೇಕೆ ಹಗ್ಗ ಬಿಚ್ಚಿಕೊಂಡು ಒಳಗೆ ಬಂದು ಬೆತ್ಲೆಹೇಮಿನ ಬಯಲನ್ನೆಲ್ಲ ನೆಲಮಟ್ಟಕ್ಕೆ ಮೇಯ್ದು, ಎರಡು ಕುರಿಗಳನ್ನು ಉರುಳಿಸಿ, ಕಾಗದದ ನಕ್ಷತ್ರದ ಬಾಲವನ್ನೂ ರುಚಿ ನೋಡಿತ್ತು. ಅಜ್ಜಿ ಕಂಗಾಲಾದದ್ದು ಗೋದಲಿ ಕೆಟ್ಟಿತೆಂದಲ್ಲ. ಜೋಳದ ಎಳೆ ಸಸಿಯಲ್ಲಿ ವಿಷವಿರುತ್ತದೆ, ದನ ಮೇಕೆಗಳು ಮೇಯ್ದರೆ ಸತ್ತೇ ಹೋಗಬಹುದೆಂದು ಅಲ್ಲಿಯ ಪ್ರತಿಯೊಬ್ಬ ರೈತನಿಗೂ ಗೊತ್ತು. ಆ ಮೇಕೆಯೋ ಆಕೆಯ ಬ್ಯಾಂಕು. ಮರಿ ಹಾಕಿದರೆ ಮುಂದಿನ ವರ್ಷದ ಮಕ್ಕಳ ಬಟ್ಟೆ, ಪುಸ್ತಕ.

“ಯಾವ ಕಾಳು ಬಿತ್ತೀರಿ? ಜೋಳೋ ಗೋದಿನೋ?” ಎಂದು ಅಜ್ಜಿ ಗದರಿದಳು. ಹುಡುಗಿ ಗೋದಿ ಎಂದಳು, ಹುಡುಗ ಜೋಳ ಎಂದ. ಕಿರಿಯವನು ಎರಡಕ್ಕೂ ತಲೆಯಾಡಿಸಿದ. ಕಾಳು ತೆಗೆದುಕೊಟ್ಟ ತಾಯಿ ಹತ್ತಿಯ ಹೊಲದಲ್ಲಿ. ಇನ್ನು ಕಾಯುವಂತಿಲ್ಲವೆಂದು ಅಜ್ಜಿ ತನಗೆ ತಿಳಿದ ಮದ್ದು ಮಾಡಿದಳು. ಕರ್ಚಿಕಾಯಿಗೆಂದು ಎತ್ತಿಟ್ಟಿದ್ದ ಬೆಲ್ಲವನ್ನೆಲ್ಲ ನೀರಿನಲ್ಲಿ ಕದಡಿ, ಮೊಮ್ಮಕ್ಕಳಿಂದ ಮೇಕೆಯ ಕಿವಿ ಹಿಡಿಸಿ, ಬೊಗಸೆ ಬೊಗಸೆಯಾಗಿ ಕುಡಿಸಿದಳು. ಮೇಕೆ ಮೊದಲೆರಡು ಬೊಗಸೆಗೆ ಒದ್ದಾಡಿತು. ಆಮೇಲೆ ತಾನೇ ಬಾಯಿ ಚಾಚಿತು. ಸಂಜೆ ಸೊಸೆ ಬಂದು, “ಅದು ಗೋದೀನ ಅತ್ತಿ, ಜೋಳ ನಾನ್ಯಾಕ ಕೊಡ್ಲಿ?” ಎಂದಾಗ ಬೆಲ್ಲದ ಡಬ್ಬಿ ಖಾಲಿಯಾಗಿತ್ತು, ಮೇಕೆ ಎಂದಿಗಿಂತ ಗೆಲುವಾಗಿತ್ತು. ಪಕ್ಕದ ಮನೆಯಾಕೆಗೆ ವಿಷಯ ತಿಳಿದು, ನಕ್ಕು ನಕ್ಕು ಸುಸ್ತಾಗಿ, ತನ್ನ ಅಮಾವಾಸ್ಯೆಯ ಸಾಮಾನಿನಿಂದ ಒಂದಚ್ಚು ಬೆಲ್ಲವನ್ನೂ ಸೇರು ಎಳ್ಳನ್ನೂ ತಂದುಕೊಟ್ಟಳಂತೆ. ಆ ವರ್ಷದ ಕರ್ಚಿಕಾಯಿಯೊಳಗೆ ಪುಟಾಣಿಗಿಂತ ಎಳ್ಳೇ ಹೆಚ್ಚು. ಈಗಲೂ ಆ ಮನೆಯಲ್ಲಿ ಹಾಗೆಯೇ ಮಾಡುತ್ತಾರೆ; ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ರುಚಿ.

ಇನ್ನು ಮಗನ ವಿಚಾರ. 24ರ ಸಂಜೆಗೆ ಬರುತ್ತೇನೆಂದು ಹೇಳಿಕಳಿಸಿದ್ದವನು ಬರಲಿಲ್ಲ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ; ಅಂದು ಬಸ್ಸೊಂದೇ ಗತಿ. ಅಮಾವಾಸ್ಯೆಗೆ ಊರಿಗೆ ಹೊರಟವರೂ ಕ್ರಿಸ್ಮಸ್ಸಿಗೆ ಹೊರಟವರೂ ಒಂದೇ ಬಸ್ಸಿನ ಬಾಗಿಲಿಗೆ ಜೋತುಬಿದ್ದ ರಾತ್ರಿ ಅದು. ಮನೆಯಲ್ಲಿ ಫೋನಿಲ್ಲ. ಕಟ್ಟಡದ ಕೆಲಸಕ್ಕೆ ಹೋದವರ ಸುದ್ದಿ ಯಾವಾಗಲೂ ಒಳ್ಳೆಯದೇ ಆಗಿರುವುದಿಲ್ಲವೆಂದು ಆ ಊರುಗಳ ಹೆಣ್ಣುಮಕ್ಕಳಿಗೆ ಗೊತ್ತು. ಸೊಸೆ ಏನೂ ಮಾತಾಡದೆ ಅಂಗಳವನ್ನು ಮೂರು ಸಲ ಗುಡಿಸಿದಳೆಂದು ಅಜ್ಜಿ ಹೇಳಿದರು. ಮಧ್ಯರಾತ್ರಿಯ ಬಲಿಪೂಜೆಗೆ ಪಟ್ಟಣಕ್ಕೆ ಹೋಗುವುದೂ ನಿಂತುಹೋಯಿತು. ಹನ್ನೆರಡಕ್ಕೆ ಮನೆಯಲ್ಲೇ ಜಪಸರ ಮುಗಿಸಿ, ಬಾಲಯೇಸುವಿನ ಗೊಂಬೆಯನ್ನು ಕಿರಿಯವನ ಕೈಗೆ ಕೊಟ್ಟು ತೊಟ್ಟಿಲಲ್ಲಿ ಇಡಿಸುವುದೆಂದಾಯಿತು. ಹುಡುಗಿ ಅಡ್ಡ ನಿಂತಳು. “ಅಪ್ಪ ಬರೂಮಟ ಇಡೂದಿಲ್ಲ.” ಅಷ್ಟಕ್ಕೇ ನಿಲ್ಲದೆ ಗೋದಲಿಯಿಂದ ಸಂತ ಜೋಸೆಫರನ್ನು ಎತ್ತಿಕೊಂಡು ಹೋಗಿ, ಬೀದಿಗೆ ಮುಖ ಮಾಡಿ ಹೊಸ್ತಿಲ ಮೇಲೆ ನಿಲ್ಲಿಸಿದಳು. ಅವರೂ ದಾರಿಯಲ್ಲಿದ್ದಾರಂತೆ, ಅಪ್ಪನ ಜೊತೆಗೇ ಒಳಗೆ ಬರುತ್ತಾರಂತೆ.

ಹೊಸ್ತಿಲ ಮೇಲೆ ಕುಳಿತರೆ ಮಕ್ಕಳ ಬೆನ್ನಿಗೆ ಗುದ್ದುವ ಅಜ್ಜಿ ಅವರು. ಆ ರಾತ್ರಿ ಏನೂ ಹೇಳಲಿಲ್ಲ. ಗಾಳಿಗೆ ಆರದ ಹಾಗೆ ಕಂದೀಲೊಂದನ್ನು ತಂದು ಸಂತರ ಪಕ್ಕದಲ್ಲಿಟ್ಟು ಮಲಗಿದರು.

ಮರುದಿನ ಬೆಳಿಗ್ಗೆ ಎರಡು ಊರುಗಳ ಬಲಿಪೂಜೆ ಮುಗಿಸಿ ನಾನು ವಳಕಮದಿನ್ನಿಗೆ ಬಂದಾಗ ಹನ್ನೊಂದು ಗಂಟೆ. ಊರು ಖಾಲಿ, ನಾಯಿಗಳೂ ಬಂಡಿಗಳ ಹಿಂದೆ ಹೊಲಕ್ಕೆ ಹೋಗಿದ್ದವು. ಮೋಟಾರು ಸೈಕಲ್ ನಿಲ್ಲಿಸಿ ಒಳಗೆ ಕಾಲಿಡುವಷ್ಟರಲ್ಲಿ ಮೂರು ಗಂಟಲುಗಳು ಒಟ್ಟಿಗೆ ಕೂಗಿದವು: “ಫಾದರ್, ಜೋಸೆಫಪ್ಪ!” ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಒಳಗೆ ನೋಡಿದರೆ ಬೋಳು ನೆಲ, ಬಾಲವಿಲ್ಲದ ನಕ್ಷತ್ರ, ಒಬ್ಬಂಟಿ ಮರಿಯಮ್ಮನವರು, ಖಾಲಿ ತೊಟ್ಟಿಲು. ಅದು ನನ್ನ ಅಂದಿನ ಕೊನೆಯ ಮನೆಯಾಗಿದ್ದರಿಂದ ಕಾಯುವುದಕ್ಕೆ ತೊಂದರೆಯಿರಲಿಲ್ಲ. ಮೇಕೆಯ ವೃತ್ತಾಂತವನ್ನೆಲ್ಲ ಅಜ್ಜಿ ಹೇಳಿದ್ದು ಆಗಲೇ. ಸೊಸೆಯ ಕಣ್ಣು ಮಾತ್ರ ಬಾಗಿಲಲ್ಲೇ ಇತ್ತು.

ಒಂದೂವರೆಗೆ ಆತ ಬಂದ. ಹೆಗಲಲ್ಲಿ ಚೀಲ, ಕೈಯಲ್ಲಿ ಮೂರು ಪುಗ್ಗೆ, ಹಣೆಯ ತುಂಬ ಬೆವರು. ಬಸ್ಸು ಕ್ರಾಸಿನಲ್ಲಿ ಇಳಿಸಿದ್ದು ಹತ್ತೂವರೆಗೇ. ಆದರೆ ಅಲ್ಲಿಂದ ಮನೆಯವರೆಗೆ ದಾರಿಯ ಎರಡೂ ಕಡೆ ಹೊಲಗಳು, ಹೊಲದಲ್ಲೆಲ್ಲ ಜನ, ಜನರೆಲ್ಲ ಪರಿಚಿತರು. ಮೊದಲ ಹೊಲದಲ್ಲಿ ಕೈಹಿಡಿದು ಕೂರಿಸಿದರು. ಎರಡನೆಯದರಲ್ಲಿ ಚೀಲ ಕಿತ್ತಿಟ್ಟುಕೊಂಡರು. ಮನೆಯಲ್ಲಿ ಕಾಯುತ್ತಾರೆಂದರೆ, “ಹಬ್ಬದ ದಿನ ಬರಿ ಹೊಟ್ಟೀಲೆ ಹೋಗ್ತೀಯೇನು?” ಎಂದು ಗದರಿದರು. ನಾಲ್ಕು ಹೊಲ ದಾಟುವಷ್ಟರಲ್ಲಿ ನಾಲ್ಕು ಊಟವಾಗಿತ್ತು. ಹೆಂಡತಿ ನಗಲೂ ಆಗದೆ ಅಳಲೂ ಆಗದೆ ಒಳಗೆ ಹೋಗಿ ನೀರು ತಂದಳು. ಹುಡುಗಿ ಅಪ್ಪನ ಕೈಗೆ ಜೋಸೆಫರನ್ನು ಕೊಟ್ಟು, ಇಬ್ಬರನ್ನೂ ಒಳಗೆ ಕರೆದುಕೊಂಡಳು.

ಇಷ್ಟಕ್ಕೆ ಮುಗಿಯಲಿಲ್ಲ. ಪರಮಪ್ರಸಾದ ಸ್ವೀಕರಿಸುವ ಮುನ್ನ ಒಂದು ಗಂಟೆಯ ಉಪವಾಸವಿರಬೇಕೆಂಬುದು ಧರ್ಮಸಭೆಯ ನಿಯಮ. ಕೊನೆಯ ಕಡುಬನ್ನು ತಿಂದು ಹತ್ತು ನಿಮಿಷವೂ ಆಗಿಲ್ಲವೆಂದು ಆತ ತಲೆ ತಗ್ಗಿಸಿ ಒಪ್ಪಿಕೊಂಡ. ಹೀಗಾಗಿ ಬೆಳಗಿನಿಂದ ಹಸಿದಿದ್ದ ನಾವೆಲ್ಲರೂ ನಾಲ್ಕು ಊಟ ಮಾಡಿದವನ ಉಪವಾಸಕ್ಕಾಗಿ ಕಾದೆವು. ಎರಡೂಮುಕ್ಕಾಲಿಗೆ ಕಿರಿಯವನು ಬಾಲಯೇಸುವನ್ನು ತೊಟ್ಟಿಲಲ್ಲಿ, ಬೋರಲಾಗಿ, ಮಲಗಿಸಿದ. ಯಾರೂ ತಿದ್ದಲಿಲ್ಲ. ಬಲಿಪೂಜೆಯುದ್ದಕ್ಕೂ ಮೇಕೆ ಕಂಬಕ್ಕೆ ಕಟ್ಟಿದಲ್ಲಿಂದಲೇ ಪ್ರತ್ಯುತ್ತರ ಕೊಡುತ್ತಿತ್ತು.

ಸಂಜೆ ಪಕ್ಕದ ಮನೆಯವರು ಬಂಡಿ ತಿರುಗಿಸಿಕೊಂಡು ಬಂದು ನಮಗೂ ರೊಟ್ಟಿ ಗಂಟು ಬಿಚ್ಚಿದರು. ಎಳ್ಳಿನ ಕರ್ಚಿಕಾಯಿ ಅವರ ಬುಟ್ಟಿಗೆ ಹೋಯಿತು. ಚರಗದ ಊಟದ ಬಗ್ಗೆ ಗುರುಮಠದಲ್ಲಿ ನಮಗೆ ಪಾಠವಿರಲಿಲ್ಲ. ಅದಿಲ್ಲದೆಯೂ ನಾನು ಚೆನ್ನಾಗಿಯೇ ಉಂಡೆ.

ಚಂದ್ರನ ಲೆಕ್ಕ ಹತ್ತೊಂಬತ್ತು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಅದೇ ತಾರೀಖಿಗೆ ಬಂದು ಸೇರುತ್ತದೆ. 2019ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್ 26ಕ್ಕೆ ಬಿತ್ತು, ಬೆಳಿಗ್ಗೆ ಸೂರ್ಯಗ್ರಹಣದ ಸಮೇತ. ಅಷ್ಟರಲ್ಲಿ ಅಜ್ಜಿ ಇರಲಿಲ್ಲ. ಹುಡುಗಿ ಮದುವೆಯಾಗಿ ತನ್ನ ಮಕ್ಕಳೊಡನೆ ತವರಿಗೆ ಬಂದಿದ್ದಳು. ಸಿಂಧನೂರಿನ ಅಂಗಡಿಯಿಂದ ಗೋದಲಿಗೆ ಹೊಸ ಗೊಂಬೆಗಳು ಬಂದಿದ್ದವು; ಜೋಸೆಫರು ಮಾತ್ರ ಹಳಬರೇ. ಯಾರದೋ ಕಾಲು ತಾಗಿ ಮೂಗಿನ ತುದಿ ಹಾರಿದೆ. ಆ ಮನೆಯಲ್ಲಿ 24ರ ರಾತ್ರಿ ಅವರು ಹೊಸ್ತಿಲಲ್ಲಿ ನಿಲ್ಲುವುದು ಈಗ ಸಂಪ್ರದಾಯ. ಇದು ಮುದಗಲ್ಲಿನ ಪುರಾತನ ಪದ್ಧತಿಯೆಂದು ಮೊಮ್ಮಗುವೊಂದು ನನಗೇ ವಿವರಿಸಿತು.

ಈಚಿನ ಒಂದು ಹಬ್ಬಕ್ಕೆ ಹೋದಾಗ ಅಪ್ಪ ಮನೆಯಲ್ಲೇ ಇದ್ದ, ಬೆನ್ನುನೋವಿನಿಂದ ಕೆಲಸ ಬಿಟ್ಟು ಜಗಲಿಯ ಮೇಲೆ ಕುಳಿತು ಮೇಕೆಗಳನ್ನು ಕಾಯುತ್ತ. ಆದರೂ ಜೋಸೆಫರು ಹೊಸ್ತಿಲಲ್ಲಿದ್ದರು. ಇನ್ನು ಯಾರು ಬರಬೇಕೆಂದು ಕೇಳಿದೆ. ಅಂದು ಬಾಲಯೇಸುವನ್ನು ಬೋರಲು ಮಲಗಿಸಿದ್ದ ಕಿರಿಯವನು ಈಗ ಬೆಂಗಳೂರಿನಲ್ಲಿದ್ದಾನಂತೆ. ಬೆಳಿಗ್ಗೆ ಕ್ರಾಸಿಗೆ ಬಂದು ಇಳಿಯುತ್ತಾನೆಂದು ಫೋನ್ ಮಾಡಿದ್ದನಂತೆ. ತಾಯಿ ಆಗಲೇ ಅಂಗಳ ಗುಡಿಸಿ ಮುಗಿಸಿ, ಪೊರಕೆ ಹಿಡಿದೇ ನಿಂತಿದ್ದಳು.