ಸೀದ ಕಾಳಿನ ಸಾಕ್ಷ್ಯ

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಗದ್ದಲವನ್ನು ಹಿಂದೆ ಬಿಟ್ಟು ಮಂಡಿ ಮೊಹಲ್ಲಾವನ್ನು ಹೊಕ್ಕವರನ್ನು ಮೊದಲು ಎದುರುಗೊಳ್ಳುವುದು ಅಲ್ಲಿಯ ವಾಸನೆ. ಒಣಮೆಣಸಿನಕಾಯಿಯ ಘಾಟು, ಹುರಿಗಡಲೆಯ ಬೆಚ್ಚನೆಯ ಕಂಪು, ಗೋಣಿಚೀಲಗಳ ಧೂಳು ಎಲ್ಲ ಬೆರೆತು ಬೀದಿಯೇ ಒಂದು ಉಗ್ರಾಣದಂತೆ ತೋರುತ್ತದೆ. ಇಲ್ಲಿ ಕಬೀರನ ಹೆಸರಿನದೊಂದು ರಸ್ತೆಯುಂಟು, ಅಕ್ಬರನ ಹೆಸರಿನದೊಂದು ರಸ್ತೆಯುಂಟು. ಅನತಿದೂರದಲ್ಲಿ ಅಶೋಕನ ಹೆಸರನ್ನು ಹೊತ್ತ ಹಿರಿಯ ಬೀದಿ, ಸಂತ ಫಿಲೋಮಿನಾ ಇಗರ್ಜಿಯ ಜೋಡಿ ಶಿಖರಗಳು. ಎರಡು ಸಾವಿರ ವರ್ಷಗಳ ಚರಿತ್ರೆಯನ್ನು ನಾಮಫಲಕಗಳಲ್ಲೇ ಓದಬಹುದಾದ ಈ ಮೊಹಲ್ಲೆಯಲ್ಲಿ, ಆ ಎಲ್ಲ ಹೆಸರುಗಳಿಗಿಂತ ಹಳೆಯದಾದ ಚರಿತ್ರೆಯೊಂದು ಅಂಗಡಿಗಳ ಮುಂದೆ ಬಾಯ್ದೆರೆದ ಚೀಲಗಳಲ್ಲಿ ಕುಳಿತಿದೆಯೆಂಬುದನ್ನು ದಾರಿಹೋಕರು ಗಮನಿಸುವುದು ಅಪರೂಪ.

ಮಂಡಿಯೆಂದರೆ ಸಗಟು ವ್ಯಾಪಾರದ ತಾಣ. ಇಂದು ನಗರದ ದೊಡ್ಡ ಸಗಟು ವ್ಯವಹಾರ ಬಹುಮಟ್ಟಿಗೆ ನಂಜನಗೂಡು ರಸ್ತೆಯ ಬಂಡಿಪಾಳ್ಯದ ಪ್ರಾಂಗಣಕ್ಕೆ ಸರಿದಿದೆ. ಆದರೂ ಹೆಸರು ಉಳಿದಿದೆ. ದವಸದ ಅಂಗಡಿಗಳೂ ಅಲ್ಲಲ್ಲಿ ಉಳಿದಿವೆ. ಅಂಥದೊಂದು ಅಂಗಡಿಯ ಮುಂದೆ ಹಳ್ಳಿಯಿಂದ ಬಂದ ಮುದುಕಿಯೊಬ್ಬಳು ಚೀಲದೊಳಕ್ಕೆ ಕೈಯಿಟ್ಟು, ಒಂದು ಹಿಡಿ ಕಾಳನ್ನು ಮೇಲೆತ್ತಿ, ಬೆರಳ ಸಂದಿಯಿಂದ ಸುರಿದು ನೋಡುತ್ತಾಳೆ.

“ಸಾಬ್ರೇ, ಈ ಹುಳ್ಳಿ ಹೊಸದಾ, ಹಳೇದಾ?”

“ಹೊಸದೇ ಕಣಮ್ಮ. ಹೋದ ವಾರ ಬಂದಿದ್ದು. ಬಿತ್ತೋಕಾ, ತಿನ್ನೋಕಾ?”

“ತಿನ್ನೋಕೇಯ.”

ವ್ಯಾಪಾರ ಅಲ್ಲಿಗೆ ಮುಗಿಯುತ್ತದೆ. ಮುದುಕಿಯ ಪ್ರಶ್ನೆ ಮಾತ್ರ ಅಷ್ಟು ಸುಲಭವಾಗಿ ಮುಗಿಯುವಂಥದಲ್ಲ. ಹುರುಳಿ ಎಷ್ಟು ಹಳೆಯದು? ಅದರ ಪಕ್ಕದ ಚೀಲಗಳಲ್ಲಿರುವ ರಾಗಿ, ಹೆಸರು, ಅವರೆ, ಜೋಳಗಳು ಈ ನೆಲಕ್ಕೆ ಎಂದಿನಿಂದ ಪರಿಚಿತ? ಇದಕ್ಕೆ ಉತ್ತರ ಹುಡುಕಿದವರು ನೆಲವನ್ನು ಅಗೆಯಬೇಕಾಯಿತು.

ಸಂಗಮದ ದಂಡೆಯಲ್ಲಿ

ಮೈಸೂರಿನಲ್ಲಿ ಬಸ್ಸು ಹತ್ತಿ, ವರುಣಾ ಗ್ರಾಮವನ್ನು ದಾಟಿ, ಸುಮಾರು 30 ಕಿಲೋಮೀಟರ್ ಪಯಣಿಸಿದರೆ ತಿರುಮಕೂಡಲು ನರಸೀಪುರ. ಕಾವೇರಿ ಕಪಿಲೆಯರು ಕೂಡುವ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನದೆಂದು ಭಕ್ತರ ನಂಬಿಕೆ. ಗುಂಜಾ ನರಸಿಂಹಸ್ವಾಮಿಯ ಹೆಸರಿನಲ್ಲೇ ಆ ಬೀಜ ಸೇರಿಕೊಂಡಿದೆ. ಒಂದು ಬೀಜದ ತೂಕದಿಂದ ಹಿರಿಮೆ ನಿರ್ಧಾರವಾಗುವ ಈ ಊರಿನ ಮಣ್ಣಿನಲ್ಲೇ, ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎಂ. ಶೇಷಾದ್ರಿಯವರು 1960ರ ಆಸುಪಾಸಿನ ವರ್ಷಗಳಲ್ಲಿ ಉತ್ಖನನ ನಡೆಸಿದರು. ಅದರ ವರದಿ 1971ರಲ್ಲಿ ಪ್ರಕಟವಾಯಿತು.

ಅಲ್ಲಿ ದೊರೆತವು ನವಶಿಲಾಯುಗದ ಜನರ ಬದುಕಿನ ತುಣುಕುಗಳು: ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು, ಬೂದುಬಣ್ಣದ ಮಡಕೆಗಳು, ಮಣ್ಣಿನಲ್ಲಿ ಮಲಗಿಸಿದ ಮನುಷ್ಯರ ಎಲುಬುಗಳು. ಎಲ್ಲಕ್ಕಿಂತ ಮನಸ್ಸನ್ನು ತಟ್ಟುವುದು ಸುಟ್ಟ ಮಣ್ಣಿನ ತಲೆದಿಂಬು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಹೊಳೆಯ ದಂಡೆಯಲ್ಲಿ ಯಾರೋ ತಮ್ಮವರೊಬ್ಬರ ಕೊನೆಯ ನಿದ್ರೆಗೆ ದಿಂಬನ್ನು ಒದಗಿಸಿದರು. ರಾಜರಿರಲಿಲ್ಲ, ಲಿಪಿಯಿರಲಿಲ್ಲ, ವಾತ್ಸಲ್ಯವಿತ್ತು.

ಆದರೆ ಆ ಜನ ಏನನ್ನು ಉಂಡರು? ಅವರ ಸುತ್ತ ಯಾವ ಮರಗಳಿದ್ದವು? ಕೊಡಲಿ ಇದನ್ನು ಹೇಳಲಾರದು. ಅದಕ್ಕೆ ಬೇರೆ ಬಗೆಯ ಸಾಕ್ಷಿಗಳು ಬೇಕು.

ಬೂದಿಯ ದಿಬ್ಬಗಳು

ಉತ್ತರಕ್ಕೆ, ಬಳ್ಳಾರಿ ರಾಯಚೂರುಗಳ ಕಡೆ ಹೋದರೆ, ಬಯಲಿನ ನಡುವೆ ಬೂದಿಯ ದಿಬ್ಬಗಳು ಕಾಣಸಿಗುತ್ತವೆ. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದೇ ನಂಬಿದ್ದರು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರೂ ಈ ಬೂದಿಯೇನೆಂದು ತರ್ಕಿಸಿ ದಣಿದರು. ಇದು ಸುಟ್ಟ ಸಗಣಿಯೆಂದು ವಾದಿಸಿದವರು ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫುಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಶಿಲಾಯುಗದ ಕಲ್ಲಿನಾಯುಧವನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವರೂ ಅವರೇ.

ಅವರ ಊಹೆಗೆ ಪ್ರಯೋಗಶಾಲೆಯ ಸಮರ್ಥನೆ ದೊರೆಯಲು ಬಹುಕಾಲ ಹಿಡಿಯಿತು. 1957ರಲ್ಲಿ ಎಫ್. ಆರ್. ಆಲ್ಚಿನ್ನರು ಉತ್ನೂರಿನ ದಿಬ್ಬವನ್ನು ಅಗೆದಾಗ ಬೇಲಿಯ ಗೂಟಗಳ ಕುಳಿಗಳೂ, ಬೂದಿಯಲ್ಲಿ ಅಚ್ಚೊತ್ತಿದ ದನದ ಗೊರಸಿನ ಗುರುತುಗಳೂ ಕಂಡವು. ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನ, ದಿಬ್ಬದ ಮಗ್ಗುಲಲ್ಲೇ ಜನವಸತಿಯಿದ್ದುದನ್ನು ತೋರಿಸಿತು. ವಾಲಿಯ ಚಿತೆ ಹೀಗೆ ದನಗಾಹಿಗಳ ದೊಡ್ಡಿಯಾಯಿತು. ಅಷ್ಟು ದನ ಮೇದಿರಬೇಕಾದರೆ ಅಷ್ಟು ಹುಲ್ಲುಗಾವಲೂ ಇದ್ದಿರಬೇಕು. ಬೂದಿಯಿಂದ ಒಂದು ಕಾಲದ ಹಸಿರನ್ನು ಮರಳಿ ಕಾಣುವುದು ಹೀಗೆ.

ನೀರಿನ ಮೇಲೆ ತೇಲಿದ್ದು

ಬಳ್ಳಾರಿಯ ಬಳಿಯ ಸಂಗನಕಲ್ಲು ಬೆಟ್ಟಗಳಲ್ಲಿ 1940ರ ದಶಕದಲ್ಲೇ ಬಿ. ಸುಬ್ಬರಾಯರು ಉತ್ಖನನ ನಡೆಸಿದ್ದರು. ಅಲ್ಲಿಯ ಹಿರೇಗುಡ್ಡ ನವಶಿಲಾಯುಗದವರ ಕೊಡಲಿಯ ಕಾರ್ಖಾನೆ. ಬಂಡೆಗಳ ಮೇಲೆ ಕಾಳು ಅರೆದ ಕುಳಿಗಳಿವೆ, ಕೊರೆದ ಗೂಳಿಗಳ ಚಿತ್ರಗಳಿವೆ, ಬಡಿದರೆ ಗಂಟೆಯಂತೆ ನುಡಿಯುವ ಕಲ್ಲುಗಳೂ ಇವೆ. ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರು ಇಂಥ ತಾಣಗಳಿಗೆ ಮತ್ತೆ ಹೋದಾಗ, ಅವರ ಕಣ್ಣು ಕೊಡಲಿಗಳನ್ನು ದಾಟಿ ಮಣ್ಣಿನ ಮೇಲೆ ನೆಟ್ಟಿತು.

ಅವರ ವಿಧಾನ ಕೇಳಲು ಬಹು ಸರಳ. ಹಳೆಯ ಒಲೆಯ, ತಿಪ್ಪೆಗುಂಡಿಯ ಮಣ್ಣನ್ನು ನೀರಿನಲ್ಲಿ ಕದಡುವುದು. ಮಣ್ಣು ತಳಕ್ಕಿಳಿದು ಸೀದ ಕಾಳು, ಇದ್ದಿಲ ಚೂರುಗಳು ಮೇಲೆ ತೇಲುತ್ತವೆ. ಅವನ್ನು ಸಣ್ಣ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡುವುದು. ಮಂಡಿಯಿಂದ ತಂದ ಬೇಳೆಯನ್ನು ತೊಳೆಯುವ ಗೃಹಿಣಿ ತೇಲಿದ್ದನ್ನು ಚೆಲ್ಲುತ್ತಾಳೆ, ಮುಳುಗಿದ್ದನ್ನು ಉಳಿಸಿಕೊಳ್ಳುತ್ತಾಳೆ. ಪ್ರಾಕ್ತನಶಾಸ್ತ್ರಜ್ಞ ತೇಲಿದ್ದನ್ನೇ ಜೋಪಾನ ಮಾಡುತ್ತಾನೆ.

ಹಸಿಯ ಕಾಳು ಮಣ್ಣಿನಲ್ಲಿ ಕೊಳೆತು ಹೋಗುತ್ತದೆ. ಸೀದು ಇದ್ದಿಲಾದ ಕಾಳು ಹುಳುವಿಗೂ ಬೇಡ, ಬೂಷ್ಟಿಗೂ ಬೇಡ. ಆದ್ದರಿಂದಲೇ ಅದು ಸಾವಿರಾರು ವರ್ಷ ಉಳಿಯುತ್ತದೆ. ಎಂದೋ ಒಬ್ಬ ತಾಯಿ ಕಾಳು ಹುರಿಯುವಾಗ ಮಗುವಿನ ಅಳುವಿಗೆ ಓಗೊಟ್ಟು ಎದ್ದಿರಬಹುದು. ಹಿಂದಿರುಗುವಷ್ಟರಲ್ಲಿ ನಾಲ್ಕು ಕಾಳು ಒಲೆಗೆ ಬಿದ್ದು ಸೀದಿರಬಹುದು. ಅಂದಿನ ಆ ನಷ್ಟವೇ ಇಂದಿನವರ ಚರಿತ್ರೆ.

ಬಂದವರು, ಇದ್ದವರು

2004ರಲ್ಲಿ ಈ ವಿದ್ವಾಂಸರು ಪ್ರಕಟಿಸಿದ ಫಲಿತಾಂಶಗಳಲ್ಲಿ ಹುರುಳಿಗೂ ಹೆಸರಿಗೂ ಅಗ್ರಸ್ಥಾನವಿದೆ. ಜೊತೆಗೆ ಕೊರಲೆ, ನವಣೆಯ ಬಳಗಕ್ಕೆ ಸೇರಿದ ಒಂದು ಸಣ್ಣ ಕಾಳು. ದಕ್ಷಿಣದ ಒಣಬಯಲುಗಳಲ್ಲಿ ನವಶಿಲಾಯುಗದ ರೈತರು ತಾವೇ ಪಳಗಿಸಿ ಬೆಳೆದ ಪೈರುಗಳಿವು ಎಂಬುದು ಅವರ ನಿರ್ಣಯ. ಮುದುಕಿ ಬೆರಳ ಸಂದಿಯಿಂದ ಸುರಿದ ಹುರುಳಿ ಈ ನೆಲದ ಅತ್ಯಂತ ಹಳೆಯ ಒಕ್ಕಲುಗಳಲ್ಲೊಂದು.

ರಾಗಿಯ ಮಾತು ಬೇರೆ. ಮುದ್ದೆಯಿಲ್ಲದ ಮೈಸೂರು ಸೀಮೆಯನ್ನು ಊಹಿಸುವುದು ಕಷ್ಟವಾದರೂ, ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಜೋಳ, ಸಜ್ಜೆ, ಅಲಸಂದೆ, ಕಡೆಗೆ ಮಾಗಿಯ ಸೊಗಡಿನ ಅವರೆ ಕೂಡ ಆಫ್ರಿಕದ ಮೂಲದವು. ಹಿಂದೆ ರಾಗಿಯೆಂದು ಗುರುತಿಸಿದ್ದ ಹಲವು ಪ್ರಾಚೀನ ಕಾಳುಗಳು ಮರುಪರೀಕ್ಷೆಯಲ್ಲಿ ಬೇರೆ ಕಿರುಧಾನ್ಯಗಳೆಂದು ತೋರಿಬಂದುದರಿಂದ, ಅದು ಬಂದ ಕಾಲವನ್ನು ವಿದ್ವಾಂಸರು ಈಚೆಗೆ ತರಬೇಕಾಯಿತು. ಇನ್ನು ಅಂಗಡಿಗೆ ಘಾಟು ಕೊಡುವ ಮೆಣಸಿನಕಾಯಿ, ಅಮೆರಿಕದಿಂದ ಹೊರಟು ಪೋರ್ಚುಗೀಸರ ಕಾಲದಲ್ಲಿ ಬಂದ ತೀರ ಹೊಸಬ. ಒಂದೇ ಮಾಡಿನ ಕೆಳಗೆ ಮೂರು ಖಂಡಗಳ ಚೀಲಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಕೊಳ್ಳುವವರ ಮನಸ್ಸಿನಲ್ಲಿ ಎಲ್ಲವೂ ನಮ್ಮವೇ. ಹಾಗೆ ಭಾವಿಸುವುದರಲ್ಲಿ ತಪ್ಪೂ ಇಲ್ಲ. ಸಾವಿರಾರು ವರ್ಷ ಉಂಡದ್ದು ನಮ್ಮದಾಗದೆ ಇನ್ನೇನಾದೀತು?

ಸೀದ ಚೂರುಗಳನ್ನು ಓದುವ ಈ ವಿದ್ಯೆ ಆಫ್ರಿಕದ ದಕ್ಷಿಣ ತುದಿಯಲ್ಲಿ ಇನ್ನೂ ದೂರದ ಕಾಲಕ್ಕೆ ಬೆಳಕು ಬೀರಿದೆ. ದಕ್ಷಿಣ ಆಫ್ರಿಕದ ವಂಡರ್‌ವರ್ಕ್ ಗುಹೆಯಲ್ಲಿ ಸಸ್ಯದ ಬೂದಿ, ಸುಟ್ಟ ಎಲುಬಿನ ಕಣಗಳನ್ನು ಪರೀಕ್ಷಿಸಿ, ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆಯೇ ಅಲ್ಲಿ ಬೆಂಕಿ ಉರಿದಿತ್ತೆಂದು 2012ರಲ್ಲಿ ಸಾರಲಾಯಿತು. ಸಿಬುಡು ಗುಹೆಯಲ್ಲಿ 77,000 ವರ್ಷಗಳ ಹಿಂದಿನವರು ಜೊಂಡಿನ ಹಾಸಿಗೆಯ ಮೇಲೆ ಕೀಟಗಳನ್ನು ದೂರವಿಡುವ ಎಲೆಗಳನ್ನು ಹರಡಿಕೊಂಡು ಮಲಗುತ್ತಿದ್ದರು. ಬಾರ್ಡರ್ ಗುಹೆಯ ಬೂದಿಯಲ್ಲಿ 1,70,000 ವರ್ಷಗಳ ಹಿಂದೆ ಸುಟ್ಟ ಗೆಡ್ಡೆಗಳು ದೊರೆತಿವೆ. ನರಸೀಪುರದ ತಲೆದಿಂಬಿನಲ್ಲಿ ಕಾಣುವ ಅಕ್ಕರೆಗೂ ಆ ಎಲೆಯ ಹಾಸಿಗೆಗೂ ನಡುವೆ ಕಾಲದ ಅಂತರ ಅಪಾರ; ಮನುಷ್ಯನ ಸ್ವಭಾವದ ಅಂತರ ಅಷ್ಟಿಲ್ಲ.

ತೆರೆಯದ ಪುಟಗಳು

1960ರ ಸುಮಾರಿನಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ ಕಾಳು ಹುಡುಕುವ ವಾಡಿಕೆ ನಮ್ಮ ದೇಶದಲ್ಲಿರಲಿಲ್ಲ. ಅಂದಿನವರು ತಮಗೆ ತಿಳಿದಷ್ಟನ್ನು ಶ್ರದ್ಧೆಯಿಂದ ಓದಿದರು. ಇಂದಿನವರು ಕಾಣದ್ದನ್ನು ನಾಳಿನವರು ಕಾಣುವರು. ಆದರೆ ಅಗೆದ ಮಣ್ಣನ್ನು ಮತ್ತೊಮ್ಮೆ ಅಗೆಯಲಾಗದು. ಆದ್ದರಿಂದ ಅಗೆಯದೆ ಉಳಿದ ಮಣ್ಣೇ ನಾಳಿನ ವಿದ್ವಾಂಸನ ಗ್ರಂಥ.

ಆ ಗ್ರಂಥದ ಪುಟಗಳು ಬೇಗಬೇಗನೆ ಹರಿದುಹೋಗುತ್ತಿವೆ. ಸಂಗನಕಲ್ಲಿನ ಬೆಟ್ಟಗಳಿಗೆ ಕಲ್ಲುಗಣಿಯ ಪೆಟ್ಟು ಬಿದ್ದಿದೆ. ಬೂದಿದಿಬ್ಬಗಳನ್ನು ಗೊಬ್ಬರಕ್ಕೆಂದು ಕಡಿದು ಸಾಗಿಸಿದ್ದುಂಟು. ಕುಡತಿನಿಯ ದಿಬ್ಬದ ಮೈಯನ್ನೇ ಸೀಳಿ ರಸ್ತೆ ಸಾಗಿದೆ. ಬಳ್ಳಾರಿಯಲ್ಲಿ ಈಗ ಬ್ರೂಸ್ ಫುಟ್ಟರ ಹೆಸರಿನಲ್ಲಿ ವಸ್ತುಸಂಗ್ರಹಾಲಯವೊಂದು ಎದ್ದುನಿಂತಿರುವುದು ಸಂತೋಷದ ವಿಷಯ. ಕೊಡಲಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯಬಹುದು. ಒಲೆಯ ಪಕ್ಕದ ಮಣ್ಣನ್ನು ಕಾಯಬೇಕಾದವರು ಮಾತ್ರ ಆ ನೆಲದ ಮೇಲೆ ಬಾಳುವ ಜನ. ಅದರಲ್ಲಿ ಏನಿದೆಯೆಂಬುದು ಅವರಿಗೆ ತಿಳಿಯದೆ ಅವರು ಕಾಯುವುದಾದರೂ ಹೇಗೆ?

ಮಂಡಿ ಮೊಹಲ್ಲೆಯಲ್ಲಿ ಸಂಜೆಯಾಗುತ್ತದೆ. ಅಂಗಡಿಯ ಹುಡುಗ ಚೀಲಗಳ ಬಾಯಿ ಮಡಿಸಿ, ಚೆಲ್ಲಿದ ಕಾಳುಗಳನ್ನು ಗುಡಿಸಿ ಬೀದಿಯಂಚಿಗೆ ಹಾಕುತ್ತಾನೆ. ಹುರುಳಿಯ ಗಂಟನ್ನು ಕಂಕುಳಲ್ಲಿ ಇರುಕಿಕೊಂಡ ಮುದುಕಿ ಊರಿನ ಬಸ್ಸಿಗಾಗಿ ಹೆಜ್ಜೆ ಚುರುಕು ಮಾಡುತ್ತಾಳೆ. ನಾಳೆ ಅವಳ ಮನೆಯಲ್ಲಿ ಹುರುಳಿಯ ಸಾರು. ಸೌದೆಯ ಒಲೆಯ ಮುಂದೆ ಕುಳಿತು ಕಾಳು ಹುರಿಯುವಾಗ ಒಂದೆರಡು ಸಿಡಿದು ಬೂದಿಗೆ ಬೀಳುತ್ತವೆ. ಅವಳು ಅವನ್ನು ಹೆಕ್ಕಲು ಹೋಗುವುದಿಲ್ಲ.